ಚನ್ನಗಿರಿಯ ಚೀಸು

ಚನ್ನಗಿರಿಯ ಗೋಲಿಸೋಡಾ ಹಜೀರಾಳಿಗೂ ಬೆಲ್ಜಿಯಂ ದೇಶದ ಇಲ್ಸಾಳಿಗೂ ಪ್ರತಿ ಶನಿವಾರ ಫೋನಿನಲ್ಲಿ ಜಗಳ. ನೋಡುವವರಿಗೆ ಜಗಳ, ಆಡುವವರಿಗೆ ಹಬ್ಬ. ಯಾರ ಊರಿನಲ್ಲಿ ಕುಡಿಯುವುದಕ್ಕೆ ಒಳ್ಳೆಯದು ಸಿಗುತ್ತದೆ, ಯಾರ ಊರಿನಲ್ಲಿ ತಿನ್ನುವುದಕ್ಕೆ ಒಳ್ಳೆಯದು ಸಿಗುತ್ತದೆ ಎಂಬುದೇ ಅದರ ವಿಷಯ. ಒಬ್ಬಳು ಸಮುದ್ರದಾಚೆ, ಇನ್ನೊಬ್ಬಳು ಅಡಿಕೆ ಮಂಡಿಯ ಹಿಂದಿನ ಓಣಿಯಲ್ಲಿ. ಇಬ್ಬರಿಗೂ ಸೋಲುವುದೆಂದರೆ ಆಗಿಬರುತ್ತಿರಲಿಲ್ಲ.

ಇದು ಶುರುವಾದದ್ದು ಒಂದು ವಿಡಿಯೊದಿಂದ. ಹಜೀರಾಳ ಗಂಡ ಕಲೀಮುಲ್ಲಾ ಸೋಡಾ ಮಾರುವವನು ಅಷ್ಟೇ, ತುಂಬುವವಳು ಹಜೀರಾ. ಅವಳು ಬಾಟಲಿಯನ್ನು ಮಷೀನಿಗೆ ಕೊಟ್ಟು ಗರ್ರನೆ ತಿರುಗಿಸಿದಾಗ ಗೋಲಿ ಟಪ್ಪೆಂದು ಕುತ್ತಿಗೆಗೆ ಬಂದು ಕೂರುವುದನ್ನು ಮಗಳು ಸಮ್ರೀನ್ ಫೋನಿನಲ್ಲಿ ಹಿಡಿದು ಫೇಸ್‌ಬುಕ್ಕಿಗೆ ಹಾಕಿದಳು. ಹಳೇ ಬಾಟಲಿ ಕೂಡಿಸುವ ಹುಚ್ಚಿನವರ ಗುಂಪೊಂದರ ಕಣ್ಣಿಗೆ ಅದು ಬಿತ್ತು. ಆ ಗುಂಪಿನಲ್ಲಿ ಇಲ್ಸಾ ಇದ್ದಳು. ತನ್ನ ಸಣ್ಣ ಊರಿನಲ್ಲಿ ಬಿಯರು ಮತ್ತು ಚೀಸಿನ ಅಂಗಡಿ ಇಟ್ಟುಕೊಂಡಿದ್ದವಳು. ಈ ಹೆಂಗಸು ಯಾರು, ಈ ಬಾಟಲಿಯಲ್ಲಿ ಏನಿದೆ ಎಂದು ಕೇಳಿದಳು. ಅವಳ ಮಾತನ್ನು ಫೋನು ಕನ್ನಡಕ್ಕೆ ಇಳಿಸಿದರೆ ತಾಲ್ಲೂಕು ಕಚೇರಿಯ ನೋಟೀಸಿನ ಹಾಗೆ ಕಾಣುತ್ತಿತ್ತು. ಆದರೂ ಅದರೊಳಗಿನ ನಗು ಹಜೀರಾಳಿಗೆ ತಿಳಿಯಿತು. ಗೆಳೆತನಕ್ಕೆ ಅಷ್ಟು ಸಾಕಾಯಿತು.

ಅಲ್ಲಿಂದ ಶನಿವಾರದ ಪಂದ್ಯ. ಇಲ್ಸಾ ಬೆಲ್ಲದ ಪಾಕದ ಬಣ್ಣದ ಬಿಯರಿನ ಫೋಟೊ ಕಳಿಸಿದರೆ ಹಜೀರಾ ಶುಂಠಿ ಸೋಡಾ ಕಳಿಸುವಳು. ಅವಳು ಹುಳಿಹಣ್ಣಿನ ಬಿಯರು ಅಂದರೆ ಇವಳು ನಿಂಬೆ ಉಪ್ಪಿನ ಸೋಡಾ. ಬಾಟಲಿಯ ಬಾಯಿ ಬಿಚ್ಚುವ ಸದ್ದನ್ನೂ ಇಬ್ಬರೂ ರೆಕಾರ್ಡು ಮಾಡಿ ಕಳಿಸಿಕೊಂಡರು. ಸದ್ದಿನಲ್ಲಿ ಗೋಲಿಯೇ ಗೆದ್ದಿತು, ಇಲ್ಸಾ ಒಪ್ಪಿಕೊಂಡಳು. ಒಟ್ಟಿನಲ್ಲಿ ಕುಡಿಯುವ ವಿಭಾಗದಲ್ಲಿ ಹಜೀರಾ ತಲೆ ತಗ್ಗಿಸಬೇಕಾದ ಪ್ರಸಂಗ ಬರಲಿಲ್ಲ.

ತಿನ್ನುವ ವಿಭಾಗದಲ್ಲಿ ಮಾತ್ರ ಅವಳು ಸೋಲುತ್ತಲೇ ಬಂದಳು. ಇಲ್ಸಾಳ ಹತ್ತಿರ ತೂತು ಬಿದ್ದ ಚೀಸು, ಕಿತ್ತಳೆ ತೊಗಲಿನ ಚೀಸು, ನೀಲಿ ಬೂಸ್ಟು ಹಿಡಿದ ಚೀಸು ಹೀಗೆ ಮುಗಿಯದಷ್ಟು ಚೀಸುಗಳಿದ್ದವು. ಬೂಸ್ಟು ಹಿಡಿದದ್ದನ್ನು ನೋಡಿ ಹಜೀರಾ, "ಇದನ್ನ ನಮ್ಮೂರಾಗೆ ತಿಪ್ಪೆಗೆ ಹಾಕ್ತೀವಿ" ಎಂದು ಬರೆದು ಒಂದು ವಾರ ತಳ್ಳಿದಳು. ಪನೀರು ತೋರಿಸಿದರೆ, ಅದು ಇಂಡಿಯಾದ ಎಲ್ಲ ಕಡೆ ಸಿಗುತ್ತದೆ, ನಿನ್ನ ಊರಿನದು ಯಾವುದು ಎಂದು ಇಲ್ಸಾ ಕೇಳಿದಳು. ಕುರಿ ಹಾಲಿನ ಚೀಸು ನಿಮ್ಮಲ್ಲಿ ಇರಲೇಬೇಕಲ್ಲ ಎಂದೂ ಕೇಳಿದಳು. ಜಗಳೂರಿನ ಕಡೆ ಬಿಳಿಚೋಡಿನಲ್ಲಿ ಹಜೀರಾಳ ಚಿಕ್ಕಮ್ಮ ಇದ್ದಾಳೆ. ಅಲ್ಲಿ ಮನುಷ್ಯರಿಗಿಂತ ಕುರಿ ಹೆಚ್ಚು. ಫೋನು ಮಾಡಿ ವಿಚಾರಿಸಿದರೆ ಚಿಕ್ಕಮ್ಮ, "ಕುರಿ ಹಾಲು ಮರೀದು ಕಣೆ, ನಮಗ್ಯಾಕೆ ಬೇಕು" ಎಂದು ಫೋನಿಟ್ಟಳು. ಕೊನೆಗೆ ರೋಷ ತಡೆಯಲಾರದೆ ಹಜೀರಾ ಒಂದು ಮಾತು ಬರೆದುಬಿಟ್ಟಳು: ನಮ್ಮೂರಿನಲ್ಲಿ ಗಿಣ್ಣು ಇದೆ, ನಿನ್ನ ಅಂಗಡಿಯ ಚೀಸನ್ನೆಲ್ಲ ಒಂದು ತಕ್ಕಡಿಗೆ ಹಾಕಿದರೂ ಅದಕ್ಕೆ ಸಮವಲ್ಲ.

ಫೋಟೊ ಕಳಿಸು ಎಂದಳು ಇಲ್ಸಾ. ಹಜೀರಾ ಸಿಕ್ಕಿಬಿದ್ದಳು.

ಗಿಣ್ಣು ಅಂಗಡಿಯಲ್ಲಿ ಸಿಗುವ ಪದಾರ್ಥವಲ್ಲ. ಹಸು ಕರು ಹಾಕಿದ ಮೊದಲ ದಿನಗಳ ಹಳದಿ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ತಾನಾಗಿ ಗಟ್ಟಿಯಾಗುತ್ತದೆ. ಆ ಹಾಲನ್ನು ಆ ಓಣಿಯಲ್ಲಿ ಯಾರೂ ಮಾರುವುದಿಲ್ಲ. ಯಾರ ಮನೆಯಲ್ಲಿ ಹಸು ಈಯುತ್ತದೋ ಅವರ ಮನೆಯಿಂದ ತಮಗೆ ಬೇಕಾದವರ ಮನೆಗೆ ಪಾತ್ರೆ ಹೋಗುತ್ತದೆ. ನಮಗೂ ಕೊಡಿ ಎಂದು ಕೇಳುವ ಹಾಗೂ ಇಲ್ಲ, ಕೇಳಿದರೆ ಮರ್ಯಾದೆ ಇರುವುದಿಲ್ಲ. ಹಜೀರಾಳ ಮನೆಯಲ್ಲಿ ಹಸುವಿಲ್ಲ. ಓಣಿಯಲ್ಲಿ ಹಸು ಇರುವುದು ಪಕ್ಕದ ಮನೆಯ ರುದ್ರಾಣಿಗೆ. ಆ ಮನೆಯಿಂದ ಹಜೀರಾಳ ಮನೆಗೆ ಪಾತ್ರೆ ಬರುವುದು ನಿಂತು ಬಹಳ ಕಾಲವಾಗಿತ್ತು.

ಅದು ನಿಂತ ಕಾರಣ ಹೇಳಿದರೆ ಹೊರಗಿನವರು ನಗುತ್ತಾರೆ. ಹಜೀರಾ ಹೊನ್ನಾಳಿಯಿಂದ ಹೊಸದಾಗಿ ಮದುವೆಯಾಗಿ ಬಂದಿದ್ದಳು. ತವರಿನಲ್ಲಿ ಬಟ್ಟೆ ವ್ಯಾಪಾರ, ಹಾಲು ಬರುತ್ತಿದ್ದದ್ದು ಪ್ಯಾಕೆಟ್ಟಿನಲ್ಲಿ. ಆ ವರ್ಷ ರುದ್ರಾಣಿ ಒಂದು ಹಿತ್ತಾಳೆ ಚೊಂಬಿನ ತುಂಬ ಗಿಣ್ಣದ ಹಾಲು ಕೊಟ್ಟಳು. ಅಂಥ ಪ್ರೀತಿಗೆ ತಕ್ಕ ಮರ್ಯಾದೆ ಮಾಡಬೇಕೆಂದು ಹಜೀರಾ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿ ವಾಪಸ್ಸು ಕೊಟ್ಟಳು. ಅದೇ ತಪ್ಪು. ಗಿಣ್ಣದ ಹಾಲು ಬಂದ ಪಾತ್ರೆಯನ್ನು ತೊಳೆಯಬಾರದು, ಖಾಲಿಯಾಗಿಯೂ ಕೊಡಬಾರದು. ಜಿಡ್ಡಿರುವ ಹಾಗೆಯೇ ಒಂದು ಚೂರು ಬೆಲ್ಲ ಹಾಕಿ ಕೊಡಬೇಕು, ಇಲ್ಲದಿದ್ದರೆ ಹಸು ಬತ್ತುತ್ತದೆ ಎಂಬುದು ರುದ್ರಾಣಿಯ ಮನೆಯ ನಂಬಿಕೆ. ಹಸುವಿಗೆ ಹಜೀರಾಳ ಮೇಲೆ ಏನು ಸಿಟ್ಟಿತ್ತೋ, ಅದು ಆ ವಾರವೇ ಬತ್ತಿತು.

ತರಕಾರಿ ಮಾರುವ ಲಕ್ಷ್ಮಕ್ಕ ಈ ಸಂಗತಿಯನ್ನು ಹಜೀರಾಳ ಕಿವಿಗೆ ಹಾಕುವಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಪಾತ್ರೆ ಕದ್ದಿದ್ದರೆ ಕ್ಷಮೆ ಕೇಳಬಹುದು, ತೊಳೆದದ್ದಕ್ಕೆ ಹೇಗೆ ಕೇಳುವುದು? ಹಾಗಂತ ಎರಡು ಮನೆಯ ನಡುವೆ ಮಾತು ನಿಲ್ಲಲಿಲ್ಲ. ಗೋಡೆಯ ಮೇಲಿಂದ ಮಳೆ, ಕರೆಂಟು, ಮಕ್ಕಳ ಪರೀಕ್ಷೆ ಎಲ್ಲ ವಿಚಾರವೂ ದಾಟುತ್ತಿದ್ದವು. ಪಾತ್ರೆ ಮಾತ್ರ ದಾಟುತ್ತಿರಲಿಲ್ಲ. ಮೊದಲು "ಏನೇ ಹಜೀರಾ" ಎನ್ನುತ್ತಿದ್ದ ರುದ್ರಾಣಿ ಅಲ್ಲಿಂದ "ಏನ್ರಿ ಹಜೀರಮ್ಮ" ಎನ್ನತೊಡಗಿದ್ದಳು. ಆ ಮರ್ಯಾದೆ ಹಜೀರಾಳಿಗೆ ಚುಚ್ಚುತ್ತಿತ್ತು.

ಹೀಗಿರುವಾಗ ಇಲ್ಸಾ ಹಂಪಿ ನೋಡಲು ಬರುತ್ತೇನೆ, ಅಲ್ಲಿಂದ ನಿನ್ನ ಮನೆಗೂ ಬಂದು ಒಂದು ರಾತ್ರಿ ಇರುತ್ತೇನೆ ಎಂದು ಬರೆದಳು. ಕೊನೆಯ ಸಾಲು ಹೀಗಿತ್ತು: ಗಿಣ್ಣು ತಿನ್ನದೆ ಹೋಗುವುದಿಲ್ಲ.

"ಆಯ್ತಲ್ಲ, ಈಗ ತಿನ್ಸು" ಎಂದ ಕಲೀಮುಲ್ಲಾ.

"ನೀವು ಬಾಯಿ ಮುಚ್ಕಂಡು ಗೋಲಿ ತೊಳೀರಿ" ಎಂದಳು ಹಜೀರಾ.

ಇಲ್ಸಾ ಬಂದ ಮಧ್ಯಾಹ್ನ ಓಣಿಯ ಬಾಗಿಲುಗಳಲ್ಲೆಲ್ಲ ಜನ. ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಎತ್ತರ, ಕತ್ತರಿಸಿದ ಬಿಳಿ ಕೂದಲು, ಬೆನ್ನಿಗೆ ಒಂದು ದೊಡ್ಡ ಚೀಲ, ಕೈಯಲ್ಲಿ ಐಸು ತುಂಬಿದ ಪೆಟ್ಟಿಗೆ. ಹಜೀರಾಳನ್ನು ಕಂಡದ್ದೇ ಅವಳು ಚೀಲವನ್ನು ನೆಲಕ್ಕೆ ಬಿಟ್ಟು ತಬ್ಬಿಕೊಂಡಳು. ಹಜೀರಾಳ ಮುಖ ಅವಳ ಎದೆಯ ಗುಂಡಿಗಳ ನಡುವೆ ಸಿಕ್ಕಿತು. ಇಷ್ಟು ಕಾಲ ಹೆಬ್ಬೆರಳಿನಷ್ಟು ಫೋಟೊದಲ್ಲಿ ನೋಡಿದ್ದವಳು ಈಗ ಮೈ, ಬೆವರು, ಉಸಿರು ಸಮೇತ ಎದುರಿಗಿದ್ದಾಳೆ ಎಂದು ಹಜೀರಾಳಿಗೆ ಕಣ್ಣು ತುಂಬಿ ಬಂತು. "ಊಟ ಮಾಡ್ತೀರಾ?" ಎಂದು ಕನ್ನಡದಲ್ಲೇ ಕೇಳಿದಳು. ಅದು ಇಲ್ಸಾಳಿಗೆ ಅರ್ಥವಾಯಿತು.

ಸಂಜೆ ಸೋಡಾ ಅಂಗಡಿಯ ಮುಂದೆ ಎರಡು ಬೆಂಚು ಹಾಕಿ ಪಂದ್ಯ ನಡೆಸಿದರು. ಇಲ್ಸಾ ಚೀಲದಿಂದ ತನ್ನ ಊರಿನ ಬಿಯರಿನ ಬಾಟಲಿಗಳನ್ನು ತೆಗೆದಳು. ಗೆಳತಿಯ ಮನೆಯ ರೀತಿ ತಿಳಿದವಳಾದ್ದರಿಂದ ಅಮಲಿಲ್ಲದ ಬಿಯರನ್ನೇ ಹುಡುಕಿ ತಂದಿದ್ದಳು. ಡಿಗ್ರಿ ಓದುತ್ತಿದ್ದ ಸಮ್ರೀನ್ ಅದನ್ನೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಹೇಳಿದಳು. ಕಲೀಮುಲ್ಲಾ ಆದರೂ ಕುಡಿಯಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು, ಮೂಸಿ, ಲೋಟಕ್ಕೆ ಬಗ್ಗಿಸಿ, ಕಿವಿಯಿಟ್ಟು ಕೇಳಿ, "ನೊರೆ ಚಲೋ ಐತೆ. ಗ್ಯಾಸ್ ಕಮ್ಮಿ" ಎಂದು ತೀರ್ಪು ಕೊಟ್ಟ. ಇಲ್ಸಾ ಶುಂಠಿ ಸೋಡಾದ ಗೋಲಿಯನ್ನು ಹೆಬ್ಬೆರಳಿನಿಂದ ಒತ್ತಿ ಟಪ್ ಎನಿಸಿದಳು, ಅರ್ಧ ಸೋಡಾ ಮೂಗಿಗೆ ಹಾರಿತು. ಕೆಮ್ಮಿ, ಸೀನಿ, ಇನ್ನೊಂದು ಕೇಳಿದಳು.

ಅಷ್ಟರಲ್ಲಿ ರುದ್ರಾಣಿಯ ಗಂಡ ಮುರುಗೇಶಪ್ಪ ಬಂದರು. ಅಡಿಕೆ ವ್ಯಾಪಾರದ ಕುಳ, ಹಣೆಯ ಮೇಲೆ ಅಗಲವಾದ ವಿಭೂತಿ. ದಿನವೂ ಒಂದು ಜೀರಾ ಸೋಡಾ ಕುಡಿಯದೆ ಅವರಿಗೆ ಹೊಟ್ಟೆ ಇಳಿಯುತ್ತಿರಲಿಲ್ಲ. ಬಿಯರು ಎಂಬ ಹೆಸರು ಕಿವಿಗೆ ಬಿದ್ದದ್ದೇ ಆಚೆ ಈಚೆ ನೋಡಿ ಬೆಂಚಿನ ತುದಿಗೆ ಕೂತರು.

"ನಾ ಇಂಥದ್ದನ್ನ ಮುಟ್ಟೋನಲ್ಲ ಕಲೀಮ್ ಸಾಬ್ರೆ. ಆದ್ರೆ ಅಷ್ಟು ದೂರದಿಂದ ಹೊತ್ಕಂಡು ಬಂದಾರೆ. ನಾಲಿಗೆಗೆ ತಾಗಿಸ್ಲಿಲ್ಲ ಅಂದ್ರೆ ಚೆನ್ನಾಗಿರಾಕಿಲ್ಲ."

ಅಮಲಿನ ವಿಚಾರ ಯಾರಾದರೂ ಹೇಳುವ ಮೊದಲೇ ಅವರು ಒಂದು ಲೋಟ ಇಳಿಸಿದರು. ಇಲ್ಸಾ ಮುಂದೆ ಹಿಡಿದ ತಟ್ಟೆಯಿಂದ ಒಂದು ಚೂರು ಚೀಸನ್ನೂ ಬಾಯಿಗೆ ಹಾಕಿಕೊಂಡರು. ಎರಡನೇ ಲೋಟಕ್ಕೆ ಅವರ ಕಣ್ಣು ಅರ್ಧ ಮುಚ್ಚಿತು. ಭುಜ ಒಂದು ಕಡೆ ವಾಲಿತು. ನಾಲಿಗೆ ದಪ್ಪವಾಯಿತು. ಕಲೀಮುಲ್ಲಾ ಹೇಳಹೋದವನು ಈ ಸುಖವನ್ನು ಯಾಕೆ ಕೆಡಿಸಲಿ ಎಂದು ಸುಮ್ಮನಾದ.

"ಕಲೀಮಣ್ಣ, ನೀ ನನ್ನ ತಮ್ಮ ಇದ್ದಂಗೆ" ಎಂದರು ಮುರುಗೇಶಪ್ಪ. "ನಿಂಗೊಂದು ಮಾತು ಹೇಳ್ತೀನಿ. ನಮ್ಮ ಗಂಗೆ ಬೆಳಗ್ಗೆ ಈದೈತೆ. ಹೆಣ್ಗರ! ಹಣೆ ಮ್ಯಾಲೆ ಬಿಳೀ ಚುಕ್ಕಿ. ಏ ಅಮ್ಮ, ಫಾರಿನ್ ಅಮ್ಮ, ನೀನೂ ಬಂದು ನೋಡು."

ಒಳಗೆ ಬಾಟಲಿ ಜೋಡಿಸುತ್ತಿದ್ದ ಹಜೀರಾಳ ಕೈ ನಿಂತಿತು. ಗೋಡೆಯಾಚೆ, ಹತ್ತು ಹೆಜ್ಜೆಯಲ್ಲಿ, ಗಿಣ್ಣದ ಹಾಲು ಇದೆ. ಇಲ್ಸಾ ಹೊರಡುವುದು ನಾಳೆ ಸಂಜೆ. ಕೇಳುವ ಹಾಗಿಲ್ಲ.

ರಾತ್ರಿ ಊಟಕ್ಕೆ ಮುಂಚೆ ಕಲೀಮುಲ್ಲಾ ಒಂದು ಪ್ಯಾಕೆಟ್ಟು ತಂದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟ. ಗಿಣ್ಣಿನ ಪುಡಿ. ಪ್ಯಾಕೆಟ್ ಹಾಲಿಗೆ ಕಲಸಿದರೆ ಗಿಣ್ಣಾಗುತ್ತದಂತೆ.

"ಆಯಮ್ಮಂಗೇನು ಗೊತ್ತಾಗ್ತೈತೆ? ಅವಳು ಗಿಣ್ಣು ನೋಡಿದ್ದೇ ಇಲ್ಲ."

ಹಜೀರಾ ಪ್ಯಾಕೆಟ್ಟನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು ತೂಗಿದಳು. ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. "ಅವಳು ಬೂಸ್ಟು ಹಿಡಿದದ್ದನ್ನೂ ಬೂಸ್ಟು ಹಿಡಿದದ್ದು ಅಂತ ಹೇಳೇ ತೋರಿಸಿದ್ಲಲ್ರಿ" ಎಂದು ಅದನ್ನು ಮೇಲಿನ ಹಲಗೆಗೆ ಎಸೆದಳು.

"ಹಂಗಾದ್ರೆ ನಾನೇ ಮುರುಗೇಶಣ್ಣಂಗೆ ಕೇಳ್ತೀನಿ."

"ಬ್ಯಾಡ. ಆವಯ್ಯ ತಂದು ಕೊಡ್ತಾನೆ. ರುದ್ರಾಣಕ್ಕ ಕೊಟ್ಟಂಗಾಗಲ್ಲ."

ಇಷ್ಟು ಹೇಳಿದ ಮೇಲೆ ಅವಳಿಗೇ ತನ್ನ ಮನಸ್ಸು ಗೊತ್ತಾಯಿತು. ಇಲ್ಸಾಳ ಎದುರು ಗೆಲ್ಲುವುದು ಒಂದು ಕಡೆ ಇರಲಿ. ಅವಳಿಗೆ ಬೇಕಾಗಿದ್ದದ್ದು ಪಕ್ಕದ ಮನೆಯ ಹಾಲು, ಅದೂ ಆ ಮನೆಯ ಹೆಂಗಸಿನ ಕೈಯಿಂದ.

ಬೆಳಗಾಯಿತು. ಹಜೀರಾ ಇಲ್ಸಾಳನ್ನು ಸೂಳೆಕೆರೆಗೆ ಕರೆದೊಯ್ಯುವ ತಯಾರಿಯಲ್ಲಿ ಸ್ನಾನಕ್ಕೆ ಹೋಗಿದ್ದಳು. ಬಂದು ನೋಡಿದರೆ ಇಲ್ಸಾ ಇಲ್ಲ. ಐಸು ಪೆಟ್ಟಿಗೆಯ ಬಾಯಿ ತೆರೆದಿದೆ. ಪಾತ್ರೆಗಳ ಸ್ಟ್ಯಾಂಡಿನಲ್ಲಿ ಮುಚ್ಚಳದ ಸ್ಟೀಲು ಡಬ್ಬಿ ಇದ್ದ ಜಾಗ ಖಾಲಿ. ಗೋಡೆಯ ಮೇಲಿಂದ ಇಣುಕಿದಳು.

ಇಲ್ಸಾ ರುದ್ರಾಣಿಯ ಹಿತ್ತಲಿನಲ್ಲಿ ಕರುವಿನ ಮುಂದೆ ಮಂಡಿಯೂರಿ ಕೂತಿದ್ದಳು. ಹಸೀ ಕರು, ಇನ್ನೂ ಕಾಲು ನೆಟ್ಟಗಿಲ್ಲ. ಪಕ್ಕದಲ್ಲಿ ರುದ್ರಾಣಿ ನಿಂತಿದ್ದಳು, ಅವಳ ಕೈಯಲ್ಲಿ ಹಜೀರಾಳ ಡಬ್ಬಿ.

ಹೊಸ ಕರು ನೋಡಲು ಬರಿಗೈಲಿ ಹೋಗಬಾರದು ಎಂದು ಇಲ್ಸಾ ತನ್ನ ಬುದ್ಧಿಗೆ ತೋಚಿದ್ದನ್ನು ಮಾಡಿದ್ದಳು. ಕೈಗೆ ಸಿಕ್ಕ ಡಬ್ಬಿಗೆ ಚೀಸು ತುಂಬಿಕೊಂಡು ಹೊರಟಿದ್ದಳು. ಅಷ್ಟು ವರ್ಷ ಯಾರೂ ದಾಟಿಸದಿದ್ದ ಪಾತ್ರೆಯನ್ನು ಅವಳು ಏನೂ ತಿಳಿಯದೆ ದಾಟಿಸಿಬಿಟ್ಟಿದ್ದಳು. ಇದರ ಅರ್ಥ ಅವಳಿಗೆ ಗೊತ್ತಿರಲಿಲ್ಲ, ಉಳಿದ ಇಬ್ಬರು ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು. ತುಂಬಿ ಬಂದ ಪಾತ್ರೆಯನ್ನು ಖಾಲಿ ಕಳಿಸುವಂತಿಲ್ಲ. ಅದರಲ್ಲೂ ಹಸು ಈದ ಮನೆಯಿಂದ, ಅದರಲ್ಲೂ ದೂರದಿಂದ ಬಂದವಳ ಕೈಗೆ.

ಹಜೀರಾ ಒದ್ದೆ ಕೂದಲಿನ ಮೇಲೇ ದುಪಟ್ಟಾ ಎಳೆದುಕೊಂಡು ಸಮ್ರೀನಳನ್ನು ಜೊತೆಗೆ ಕರೆದುಕೊಂಡು ಓಡಿದಳು.

"ಬರ್ರಿ ಹಜೀರಮ್ಮ" ಎಂದಳು ರುದ್ರಾಣಿ. "ನಿಮ್ಮ ನೆಂಟ್ರು ನಮ್ಮ ಕರೂಗೆ ಏನೋ ತಂದಾರೆ."

ಅವಳ ಮುಖದಲ್ಲಿ ಇದ್ದದ್ದು ಸಿಟ್ಟೋ ನಗುವೋ ಹೇಳುವುದು ಕಷ್ಟವಾಗಿತ್ತು. ಮುರುಗೇಶಪ್ಪ ಹಿಂದಿನ ಸಂಜೆಯ ಅಮಲು ಇನ್ನೂ ಇಳಿಯದವರಂತೆ ತಲೆಗೆ ಟವೆಲು ಕಟ್ಟಿಕೊಂಡು ಹಿತ್ತಲ ಜಗಲಿಯ ಮೇಲೆ ಕೂತಿದ್ದರು. ರುದ್ರಾಣಿ ಚೀಸಿನ ಚೂರುಗಳನ್ನು ಒಂದು ಬಾಳೆಲೆಯ ತುಂಡಿಗೆ ಬಗ್ಗಿಸಿದಳು. ಖಾಲಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. ಒಳಗಿನಿಂದ ಒಂದು ತಂಬಿಗೆ ತಂದು ಅದರ ಪಕ್ಕ ಇಟ್ಟಳು. ತಂಬಿಗೆಯ ಬಾಯಿಯ ವರೆಗೆ ಗಿಣ್ಣದ ಹಾಲು, ಅರಿಶಿನ ಬೆರೆಸಿದಷ್ಟು ಹಳದಿ, ಎಣ್ಣೆಯಷ್ಟು ಮಂದ. ಹಜೀರಾ ಅದರಿಂದ ಕಣ್ಣು ಕೀಳಲಾರದೆ ನಿಂತಳು. ಇನ್ನೇನು, ರುದ್ರಾಣಿ ತಂಬಿಗೆ ಎತ್ತಿ ಬಗ್ಗಿಸಿದರೆ ಮುಗಿಯಿತು.

ಆದರೆ ಯಾರಾದರೂ ತಂದುಕೊಟ್ಟದ್ದನ್ನು ಅವರೆದುರಿಗೇ ಬಾಯಿಗೆ ಹಾಕಿಕೊಳ್ಳದೆ ಅವರ ಪಾತ್ರೆ ತುಂಬುವುದು ಸರಿಯಲ್ಲವಲ್ಲ. ರುದ್ರಾಣಿ ಒಂದು ಚೂರು ಚೀಸು ಎತ್ತಿ ಮೂಸಿದಳು. ಮೊಸರು ಮಾಡುವ ಯಾವ ಹೆಂಗಸಾದರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಇದಕ್ಕೆ ಹೆಪ್ಪು ಏನು ಹಾಕ್ತಾರೆ, ಕೇಳು ಸಮ್ರೀನ್."

ಸಮ್ರೀನ್ ಕೇಳಿದಳು. ಇಲ್ಸಾಳ ಮುಖ ಅರಳಿತು. ಜೀವನವಿಡೀ ಚೀಸು ಮಾರಿದವಳಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇರೆಯಿಲ್ಲ. ಅವಳು ಕೈ ಆಡಿಸುತ್ತಾ, ಮಧ್ಯೆ ಮಧ್ಯೆ ಕರುವಿನ ಹೊಟ್ಟೆಯನ್ನು ಪ್ರೀತಿಯಿಂದ ತಟ್ಟುತ್ತಾ ವಿವರವಾಗಿ ಹೇಳತೊಡಗಿದಳು. ತನ್ನ ಕರುವನ್ನು ಹೊಗಳುತ್ತಿದ್ದಾಳೆ ಎಂದುಕೊಂಡು ರುದ್ರಾಣಿ ನಕ್ಕಳು. ಸಮ್ರೀನಳ ಬಣ್ಣ ಇಳಿಯಿತು. ಅವಳು ತಾಯಿಯ ಹತ್ತಿರ ಸರಿದು ಉರ್ದುವಿನಲ್ಲಿ ಪಿಸುಗುಟ್ಟಿದಳು. ಆ ಹೆಪ್ಪು ಎಳೇ ಕರುವಿನ ಹೊಟ್ಟೆಯಿಂದ ತೆಗೆದದ್ದಂತೆ ಅಮ್ಮಿ. ಕೊಯ್ದ ಕರುವಿನದು. ಏನು ಹೇಳಲಿ?

ರುದ್ರಾಣಿ ಮೊಟ್ಟೆ ಹಾಕಿದ ಬಿಸ್ಕತ್ತನ್ನೂ ಮನೆಯೊಳಗೆ ಬಿಡದವಳು. ಚೀಸು ಅವಳ ತುಟಿಯ ಹತ್ತಿರ ಬಂದಿತ್ತು.

ಹಜೀರಾಳಿಗೆ ಯೋಚಿಸಲು ಸಿಕ್ಕಿದ್ದು ಒಂದು ಉಸಿರಿನಷ್ಟು ಹೊತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸಮ್ರೀನ್ 'ನಿಂಬೆಹುಳಿ' ಎಂದರೆ ಮುಗಿಯಿತು. ರುದ್ರಾಣಿ ತಿನ್ನುತ್ತಾಳೆ, ಡಬ್ಬಿ ತುಂಬುತ್ತಾಳೆ, ಇಲ್ಸಾ ಗಿಣ್ಣು ತಿಂದು ಹೋಗುತ್ತಾಳೆ, ಎರಡು ಮನೆಯ ನಡುವೆ ಮತ್ತೆ ಪಾತ್ರೆ ಓಡಾಡುತ್ತದೆ. ಹೇಳಿದರೆ ಈ ಡಬ್ಬಿಯ ಜೊತೆ ತನ್ನ ಮನೆಯೂ ಅವಳಿಗೆ ಹೇಸಿಗೆಯಾಗಬಹುದು. ಬೇಕಾಗಿದ್ದದ್ದು ಕಣ್ಣೆದುರಿಗೇ ತಂಬಿಗೆಯಲ್ಲಿತ್ತು.

"ಅಕ್ಕ, ಅದನ್ನ ಬಾಯಿಗೆ ಹಾಕಬ್ಯಾಡ್ರಿ."

ರುದ್ರಾಣಿಯ ಕೈ ತಡೆಯಿತು. "ಯಾಕೆ?"

"ಅದ್ರಾಗೆ ಕರೂನ ಹೊಟ್ಟೇದು ಐತಂತೆ. ಅದನ್ನೇ ಹೆಪ್ಪು ಹಾಕ್ತಾರಂತೆ. ಅವಳಿಗೆ ನಿಮ್ಮ ಪದ್ಧತಿ ಗೊತ್ತಿಲ್ಲ, ಬೈಯಬ್ಯಾಡ್ರಿ. ಡಬ್ಬಿ ನಂದು, ಬೈಯೋದಿದ್ರೆ ನಂಗೆ ಬೈರಿ."

ಜಗಲಿಯ ಮೇಲೆ ಮುರುಗೇಶಪ್ಪ ಕ್ಯಾಕರಿಸಿ ಉಗಿಯಲು ಎದ್ದರು.

"ನಿಮಗೇನಾತು?" ಎಂದಳು ರುದ್ರಾಣಿ, ಅತ್ತ ತಿರುಗದೆ.

"ಏನಿಲ್ಲ, ಏನಿಲ್ಲ. ನಿನ್ನೆ ಸುಮ್ನೆ ಮೂಸಿದ್ದೆ" ಎಂದು ಅವರು ಬಚ್ಚಲಿನ ಕಡೆ ಓಡಿದರು.

ಇಲ್ಸಾ ಒಬ್ಬೊಬ್ಬರ ಮುಖ ನೋಡಿದಳು. ಸಮ್ರೀನ್ ಅವಳಿಗೆ ಮೆಲ್ಲಗೆ ಹೇಳಿದಳು. ಕೇಳಿ ಇಲ್ಸಾ ಕರುವಿನ ಹೊಟ್ಟೆಯ ಮೇಲಿಂದ ಸರಕ್ಕನೆ ಕೈ ತೆಗೆದಳು, ಮುಖ ಕೆಂಪಾಗಿ ರುದ್ರಾಣಿಗೆ ಕೈಮುಗಿದಳು. ರುದ್ರಾಣಿ ಚೀಸನ್ನು ಬಾಳೆಲೆಗೆ ಹಾಕಿದಳು. ಎಲೆಯನ್ನು ಮಡಚಿ ಇಲ್ಸಾಳ ಕೈಗೇ ಕೊಟ್ಟಳು. ತೊಟ್ಟಿಯ ಹತ್ತಿರ ಹೋಗಿ ನಿಧಾನವಾಗಿ ಕೈ ತೊಳೆದಳು. ಹಜೀರಾ ತನ್ನ ಡಬ್ಬಿ ಎತ್ತಿಕೊಂಡು ಹೊರಡಲು ತಿರುಗಿದಳು.

"ನಿಲ್ಲು" ಎಂದಳು ರುದ್ರಾಣಿ. "ನೀ ಹೇಳದೆ ಇದ್ದಿದ್ರೆ ನಂಗೆ ತಿಳೀತಿರಲಿಲ್ಲ. ತಿಂದು ಅರಗಿಸ್ಕಂಡಿರ್ತಿದ್ದೆ. ಯಾಕೆ ಹೇಳ್ದೆ?"

ಹಜೀರಾ ತಿರುಗಲಿಲ್ಲ. "ಗೊತ್ತಿಲ್ದೆ ಮಾಡಿದ್ದಕ್ಕೆ ಎಷ್ಟು ವರ್ಷ ನೋಯ್ತೈತೆ ಅಂತ ನಂಗೆ ಗೊತ್ತೈತಕ್ಕ. ನಿಮಗ್ಯಾಕೆ ಅದು."

ಹಸು ಕರುವನ್ನು ನೆಕ್ಕುತ್ತಿತ್ತು. ರುದ್ರಾಣಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದಳು.

"ಅವತ್ತು ಚೊಂಬು ಕೊಡೋವಾಗ ತೊಳೀಬ್ಯಾಡ ಅಂತ ಒಂದು ಮಾತು ನಾ ಹೇಳಬೇಕಿತ್ತು" ಎಂದಳು. "ಬಾಯಿಗೆ ಬಂದಿತ್ತು. ನನ್ನ ತವರು ನ್ಯಾಮತ್ಯಾಗೆ ಸಣ್ಣ ಮಕ್ಕಳಿಗೂ ಗೊತ್ತಿರೋ ಸಂಗತಿ, ಇವಳಿಗೆ ಗೊತ್ತಿಲ್ವಾ ನೋಡಾಣ ಅಂತ ಸುಮ್ನಾದೆ. ಹೊಸಾ ಹುಡುಗಿ ನೀನು. ಆಮ್ಯಾಲೆ ಹಸು ಬತ್ತಿದ್ದು ನಿನ್ನಿಂದ ಅಂತ ಅತ್ತೆ ಅಂದಾಗ್ಲೂ ಸುಮ್ನಾದೆ. ನೀ ಇವತ್ತು ಒಂದು ಗಳಿಗೆ ಸುಮ್ನಿರಾಕೆ ಆಗ್ಲಿಲ್ಲ. ನಾ ಇಷ್ಟು ವರ್ಷ ಸುಮ್ನಿದ್ದೆ."

ರುದ್ರಾಣಿ ಹಜೀರಾಳ ಕೈಯಲ್ಲಿದ್ದ ಡಬ್ಬಿಯನ್ನು ನೋಡಿ ಮೂಗು ಮುರಿದಳು.

"ಆ ಡಬ್ಬಿಗೆ ನಾ ಹಾಲು ಹಾಕಾಕಿಲ್ಲ. ಅದ್ರಾಗೆ ಆ ದರಿದ್ರದ್ದು ಇತ್ತು. ಹೋಗು, ಮನ್ಯಾಗಿಂದ ಬ್ಯಾರೆ ಪಾತ್ರೆ ತಗಂಬಾ."

ಹಜೀರಾ ಮನೆಗೆ ಹಾರಿಯೇ ಬಂದಳು. ಬಂದು ಸ್ಟ್ಯಾಂಡಿನ ಮುಂದೆ ನಿಂತ ಮೇಲೆ ಹೊಸ ಪೇಚಾಟ ಶುರುವಾಯಿತು. ಕರುವಿನ ಹೊಟ್ಟೆಗೇ ಅಷ್ಟು ಹೇಸಿದವಳ ಮುಂದೆ ಯಾವ ಪಾತ್ರೆ ಹಿಡಿಯುವುದು? ಈ ತಪ್ಪಲೆಯಲ್ಲಿ ಮೊನ್ನೆ ಕೈಮಾ ಆಗಿತ್ತು. ಆ ದೇಗ್ಚಿ ಬಿರಿಯಾನಿಯದು. ಈ ಡಬರಿಯಲ್ಲಿ ಮೀನು. ಟೀ ಪಾತ್ರೆಯಲ್ಲೂ ಒಮ್ಮೆ ಮೊಟ್ಟೆ ಬೇಯಿಸಿದ ನೆನಪು. ಇಡೀ ಅಡಿಗೆಮನೆಯಲ್ಲಿ ಒಂದು ಪಾತ್ರೆಯೂ ಎದೆ ತಟ್ಟಿಕೊಂಡು ಮುಂದೆ ಬರಲಿಲ್ಲ. ಆಗ ಅವಳಿಗೆ ಹೊಳೆದದ್ದು ಅಂಗಡಿಯ ಪಾತ್ರೆ. ಸೋಡಾಕ್ಕೆ ಸಕ್ಕರೆ ಪಾಕ ಕಾಯಿಸುವ ದೊಡ್ಡ ಕೊಳಗ. ಕೊಂಡಾಗಿನಿಂದ ಅದು ಸಕ್ಕರೆ, ನಿಂಬೆ, ಶುಂಠಿ ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ.

ಕಲೀಮುಲ್ಲಾ ಏನು ಎತ್ತ ಎಂದು ಕೇಳುತ್ತಿದ್ದಂತೆ ಅವಳು ಕೊಳಗವನ್ನು ಸೊಂಟಕ್ಕೇರಿಸಿಕೊಂಡು ನಡೆದಳು. ಆಳಿನ ಅರ್ಧದಷ್ಟು ಇದ್ದ ಆ ಕೊಳಗವನ್ನು ತಬ್ಬಿಕೊಂಡು ಅವಳು ಹಿತ್ತಲ ಬಾಗಿಲಿನಲ್ಲಿ ಅಡ್ಡಡ್ಡವಾಗಿ ನುಗ್ಗುವುದನ್ನು ಕಂಡು ರುದ್ರಾಣಿ ಒಂದು ಕ್ಷಣ ದಂಗಾದಳು.

"ಏನೇ ಹಜೀರಾ! ಹಾಲು ಒಯ್ಯಾಕೆ ಬಂದಿಯೋ, ಹಸೂನೇ ಒಯ್ಯಾಕೆ ಬಂದಿಯೋ?"

"ಇದೊಂದೇ ಅಕ್ಕ ನಮ್ಮನ್ಯಾಗೆ ಮಾಂಸ ಮುಟ್ಟದೆ ಇರೋದು."

ರುದ್ರಾಣಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಕಟ್ಟೆಯ ಮೇಲೆ ಕುಸಿದು ಕೂತು ನಕ್ಕಳು. ಹಜೀರಾಳೂ ನಕ್ಕಳು, ಕಣ್ಣಿನಿಂದ ನೀರು ಇಳಿಯುತ್ತಿದ್ದದ್ದು ನಗುವಿಗೋ ಇನ್ನೊಂದಕ್ಕೋ ಅವಳಿಗೆ ತಿಳಿಯಲಿಲ್ಲ. ಯಾಕೆ ನಗುತ್ತಿದ್ದಾರೆಂದು ಇಲ್ಸಾ ಕೇಳಿದಳು. ಸಮ್ರೀನ್ ಇಂಗ್ಲಿಷಿನಲ್ಲಿ ಎರಡು ವಾಕ್ಯ ಶುರುಮಾಡಿ, ಆಗದೆ, ಕೈಚೆಲ್ಲಿದಳು. ಇಲ್ಸಾ ತಾನೂ ಸುಮ್ಮನೆ ನಗತೊಡಗಿದಳು.

ರುದ್ರಾಣಿ ತಂಬಿಗೆ ಬಗ್ಗಿಸಿದಳು. ಅಷ್ಟು ದೊಡ್ಡ ಕೊಳಗದ ತಳದಲ್ಲಿ ಹಳದಿ ಹಾಲು ಒಂದು ರೊಟ್ಟಿಯಗಲಕ್ಕೆ ಹರಡಿ ನಿಂತಿತು. ಸಾಲದೆಂದು ಅವಳು ಒಳಗಿನಿಂದ ಇನ್ನೊಂದು ತಂಬಿಗೆ ತಂದು ಸುರಿದಳು.

"ಬೆಲ್ಲ ಜಾಸ್ತಿ ಹಾಕಬ್ಯಾಡ, ಉರಿ ಸಣ್ಣಗಿರ್ಲಿ. ಈಯಮ್ಮಂಗೆ ಬಿಸೀದು ಕೊಡಬ್ಯಾಡ, ಆರಿದ ಮ್ಯಾಲೆ ಕೊಯ್ದು ಕೊಡು. ನಾಳೆ ಬೆಳಗ್ಗೆ ಕರೆದದ್ದನ್ನೂ ಎತ್ತಿಟ್ಟಿರ್ತೀನಿ, ಬಾ."

"ನಾಳೆಗೆ ಅವಳು ಇರಾಕಿಲ್ಲಕ್ಕ. ಇವತ್ತು ಸಂಜೀಕೇ ಶಿವಮೊಗ್ಗದಿಂದ ಟ್ರೇನು."

"ನಾ ಅವಳನ್ನ ಕರೆದ್ನೇನೆ?" ಎಂದಳು ರುದ್ರಾಣಿ.